ವಾರಕ್ಕೆ ಎಂಟು ಕೆ.ಜಿ. ಸೊಪ್ಪು ತಿನ್ನುವ ಮನೆ

ಇದನ್ನು ನೀವು ನಂಬಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ಆದರೆ ಕೊನೆಯವರೆಗೆ ಓದಿ ಆಮೇಲೂ ‘ಸುಳ್ಳು’ ಅನ್ನುವ ಧೈರ್ಯವಿದ್ದರೆ, ನಮ್ಮೂರಿಗೆ ಬಂದು ನನ್ನ ಎದುರು ನಿಂತು ಅನ್ನಿ, ನೋಡೇಬಿಡೋಣ. ಮೈಸೂರಿನಲ್ಲಿ ಎಂ.ಎ. ಅರ್ಥಶಾಸ್ತ್ರ ಓದಿದ ಎರಡು ವರ್ಷವೂ ನನಗೆ ಇಂಥವು ಆಗುತ್ತಲೇ ಇದ್ದವು. ಜೊತೆಯಲ್ಲಿ ಓದಿದ ಬೇರೆಯವರಿಗೆ ಯಾಕೆ ಆಗಲಿಲ್ಲ ಅಂತ ಕೇಳಬಹುದು. ಬಾಯಿ ಮುಚ್ಚಿಕೊಂಡು ಕೂತವರಿಗೆ ಏನಾಗುತ್ತದೆ ಸ್ವಾಮಿ? ಪಾಸಾಗುತ್ತದೆ, ಅಷ್ಟೆ.

ಫ್ಲೆಕ್ಸು

ನಮ್ಮೂರು ಮೈಸೂರಿಂದ ಒಂದು ಗಂಟೆಯ ಬಸ್ಸು. ಆ ಊರಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಿದ ಮೊದಲನೆಯವನು ನಾನೇ. ಇದನ್ನು ನಾನು ಯಾರಿಗೂ ಹೇಳದೆ ಬಿಟ್ಟಿಲ್ಲ.

ಕೊನೆಯ ಸೆಮಿಸ್ಟರ್ ಶುರುವಾದಾಗ ನಮ್ಮೂರ ಯುವಕರ ಸಂಘದವರು ಯಾರೋ ಮುಖಂಡರ ಹುಟ್ಟುಹಬ್ಬಕ್ಕೆ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ಹಾಕಿಸುತ್ತಿದ್ದರು. ಮುಖಂಡರ ಫೋಟೊ ಆಗಿ ಅರ್ಧ ಜಾಗ ಉಳಿಯಿತು. ಸಂಘದ ಗೆಳೆಯ ಫೋನ್ ಮಾಡಿದ: “ಜಾಗ ಸುಮ್ನೆ ದಂಡ ಆಯ್ತದೆ ಕಣ್ಲಾ. ನಿಂದೂ ಒಂದು ಹಾಕ್ಬುಡಣ.”

ಬೇಡ ಅನ್ನಬೇಕಿತ್ತು. ನಾನು, “ಫೋಟೊ ದೊಡ್ದಾಗಿರ್ಲಿ ಕಣ್ಲಾ” ಅಂದೆ.

ಫೋಟೊ ದೊಡ್ಡದಾಗಿಯೇ ಬಂತು, ಕಪ್ಪು ಕನ್ನಡಕ ಸಮೇತ. ಕೆಳಗೆ ಬರೆದಿದ್ದರು: ‘ಎಂ.ಎ. ಅರ್ಥಶಾಸ್ತ್ರದಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ನಮ್ಮೂರ ಹೆಮ್ಮೆಯ ಪುತ್ರನಿಗೆ ಹಾರ್ದಿಕ ಅಭಿನಂದನೆಗಳು.’

ಮಾರನೆಯ ದಿನ ಬೆಳಗ್ಗೆಯೇ ಅಪ್ಪನ ಫೋನು.

“ಪರೀಕ್ಷೆ ಯಾವತ್ತು ಆಯ್ತಪ್ಪ?”

“ಆಯ್ತದೆ ಬುಡಪ್ಪ, ಇನ್ನೂ ನಾಕು ತಿಂಗ್ಳದೆ.”

“ಬರೆಯಾಕ್ ಮುಂಚೆ ಪಾಸಾಗದು ಎಂಗ್ಲಾ?”

“ಅರ್ಥಶಾಸ್ತ್ರದಲ್ಲಿ ಅದಕ್ಕೆ ನಿರೀಕ್ಷೆ ಅಂತಾರೆ ಕಣಪ್ಪ. ದೊಡ್ಡ ದೊಡ್ಡ ಮಾರ್ಕೆಟ್ಟೆಲ್ಲ ನಿಂತಿರೋದೇ ಅದರ ಮೇಲೆ.”

ಅಪ್ಪ ಹೇಳಿದ: “ಇರ್ಬೋದು. ಆದ್ರೆ ಬಸ್ಸು ನಿಂತಿರೋದು ಆ ಫ್ಲೆಕ್ಸಿನ್ ಕೆಳ್ಗೆ. ಫೇಲಾದ್ರೆ ಅಲ್ಲೇ ಇಳೀಬೇಕು ನೀನು. ನೆಪ್ಪಲ್ಲಿ ಮಡಿಕೊ.”

ದೆವ್ವ ಮತ್ತು ನಾನು

ಥಿಯರಿ ಪೇಪರುಗಳ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಪ್ರಾಜೆಕ್ಟಿನದು. ನೂರು ಅಂಕ, ಐವತ್ತು ಬಂದರೆ ಪಾಸು, ಬರದಿದ್ದರೆ ಬೇರೆ ಎಲ್ಲದರಲ್ಲಿ ಎಷ್ಟೇ ಬಂದರೂ ಡಿಗ್ರಿ ಇಲ್ಲ. ನನ್ನ ವಿಷಯ, ಮೈಸೂರಿನ ಬಡಾವಣೆಗಳಲ್ಲಿ ಜನ ತರಕಾರಿಯನ್ನು ತಳ್ಳುಗಾಡಿಯಲ್ಲಿ ಕೊಳ್ಳುತ್ತಾರೋ, ಏಸಿ ಹಾಕಿದ ಮಳಿಗೆಯಲ್ಲಿ ಕೊಳ್ಳುತ್ತಾರೋ, ಯಾಕೆ ಅನ್ನುವುದು. ದಟ್ಟಗಳ್ಳಿ, ಕುವೆಂಪುನಗರ, ವಿಜಯನಗರ, ಒಂದೊಂದರಲ್ಲಿ ಇಪ್ಪತ್ತು ಮನೆ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಫಾರಂ ತುಂಬಬೇಕು.

ನನ್ನ ಗೈಡ್ ಒಬ್ಬರು ಮೇಡಂ. ಸಣ್ಣ ದೇಹ, ತೆಳು ಧ್ವನಿ. ವಿದ್ಯಾರ್ಥಿಗಳನ್ನೂ ‘ನೀವು’ ಅನ್ನುವವರು. ಕೂಗಾಡುವವರ ಮುಂದೆ ನಾನು ಹುಲಿ. ಇವರು ಕೂಗುತ್ತಲೇ ಇರಲಿಲ್ಲ, ಏನು ಮಾಡಲಿ?

“ಎಷ್ಟು ದಿನ ಬೇಕು?” ಅಂತ ಕೇಳಿದರು. ಉಳಿದವರೆಲ್ಲ ಎರಡು ತಿಂಗಳು ಅಂದಿದ್ದರು.

“ಹತ್ತು ದಿನ ಸಾಕು ಮೇಡಂ. ಜನರ ಜೊತೆ ಮಾತಾಡೋದು ನನಗೆ ಹೇಳಿಕೊಡಬೇಕಾ?”

“ಎರಡು ತಿಂಗಳೇ ಇಟ್ಕೊಳ್ಳಿ,” ಅಂದರು. “ಒಂದು ಫಾರಂ ಸುಳ್ಳಾದರೂ ನಾನು ಸಹಿ ಹಾಕಲ್ಲ. ನನ್ನ ಸಹಿ ಇಲ್ಲದೆ ವೈವಾಕ್ಕೆ ಕೂರಿಸಲ್ಲ.”

ಮೊದಲು ದಟ್ಟಗಳ್ಳಿಗೆ ಹೋದೆ. ಗ್ರಿಲ್ ಬಾಗಿಲಾಚೆಯಿಂದ ಒಬ್ಬ ಗೃಹಿಣಿ ನಗುನಗುತ್ತ ಹೇಳಿದರು: “ಈಗ ಸ್ವಲ್ಪ ಕೆಲಸ ಇದೆ ಕಣಪ್ಪ. ನಾಳೆ ಬನ್ನಿ.”

ಎಷ್ಟು ಒಳ್ಳೆಯವರು ಅಂದುಕೊಂಡೆ. ಪಕ್ಕದ ಮನೆಯವರೂ ‘ನಾಳೆ ಬನ್ನಿ’ ಅಂದರು. ಅದರಾಚೆಯವರೂ ಅದೇ. ಹೀಗೆ ಒಂದೇ ಬೀದಿಯಲ್ಲಿ ಒಂಬತ್ತು ಮನೆ. ನಾನು ಖುಷಿಯಿಂದ ಒಂಬತ್ತೂ ಬರೆದುಕೊಂಡೆ. ನಮ್ಮೂರಲ್ಲಿ ಯಾರಾದರೂ ನಾಳೆ ಬಾ ಅಂದರೆ, ನಾಳೆ ಮಜ್ಜಿಗೆ ಮಾಡಿಟ್ಟುಕೊಂಡು ಕಾಯುತ್ತಿರುತ್ತಾರೆ. ಹೋಗದಿದ್ದರೆ ಜಗಳ.

ಮಾರನೆಯ ದಿನ ಹತ್ತೂವರೆಗೆ ಆ ಮೊದಲ ಮನೆಯ ಮುಂದೆ ನಿಂತೆ. ಅವರು ನನ್ನನ್ನು ನೋಡಿ ಬೆಚ್ಚಿಬಿದ್ದರು. “ಇವತ್ತಾ? ನಾಳೆ ಬನ್ನಿ.” ಮಾರನೆಯ ದಿನವೂ ಹೋದೆ. ಅದರ ಮಾರನೆಯ ದಿನವೂ ಹೋದೆ. ಭಾನುವಾರವೂ ಬಿಡಲಿಲ್ಲ.

ಏಳನೆಯ ದಿನ ನಾನು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. “ಬನ್ನಿ ಒಳಗೆ, ಬೇಗ! ಏನೇನು ಬೇಕೋ ಬರ್ಕೊಂಡು ಹೊರಡಿ. ಮತ್ತೆ ಈ ಬೀದಿಗೆ ಕಾಲಿಡಬೇಡಿ.”

“ಯಾಕಮ್ಮ, ಏನಾಯ್ತು?”

“ಏನಾಗಬೇಕು? ಮನೇಲಿ ಮದುವೆಗೆ ಬಂದ ಮಗಳಿದಾಳೆ. ನೀವು ದಿನಾ ಹತ್ತೂವರೆಗೆ ತಲೆ ಬಾಚ್ಕೊಂಡು ಬಂದು ನಿಲ್ತೀರಿ. ಎದುರುಮನೆಯವರು ನಿಶ್ಚಿತಾರ್ಥ ಯಾವಾಗ ಅಂತ ಕೇಳ್ತಿದಾರೆ!”

ರೂಮಿಗೆ ಬಂದು ನನ್ನ ರೂಮ್‌ಮೇಟಿಗೆ ಹೇಳಿದೆ. ಅವನು ಹುಟ್ಟಿ ಬೆಳೆದದ್ದೆಲ್ಲ ಪೇಟೆಯಲ್ಲಿ. ಅವರ ಮನೆಯವರು ಮಠಕ್ಕೆ ನಡೆದುಕೊಳ್ಳುವವರು, ಅಪ್ಪನದು ಧಾನ್ಯದ ವ್ಯಾಪಾರ. ಅವನು ಹಾಸಿಗೆಯ ಮೇಲೆ ಬಿದ್ದು ಬಿದ್ದು ನಕ್ಕ. “ನಾಳೆ ಬನ್ನಿ ಅಂದ್ರೆ ಬರಬೇಡಿ ಅಂತ ಕಣೋ! ಮೈಸೂರಿನವರು ಬಾಯಿಬಿಟ್ಟು ಇಲ್ಲ ಅನ್ನಲ್ಲ.”

ಹಿಂದೆ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಂತೆ. ದೆವ್ವ ಅದನ್ನು ಓದಿ ವಾಪಸು ಹೋಗಿ, ಮಾರನೆಯ ದಿನ ತಪ್ಪದೆ ಬರುತ್ತಿತ್ತಂತೆ. ಆ ಮಾತನ್ನು ನಂಬಿ ಹಾಜರಾದವರು ಇಡೀ ಮೈಸೂರು ಸೀಮೆಯಲ್ಲಿ ಇಬ್ಬರೇ. ಒಂದು ಆ ದೆವ್ವ, ಇನ್ನೊಂದು ನಾನು.

ಕೆಂಪು ಪೆನ್ನು

ದಟ್ಟಗಳ್ಳಿಯ ಇಪ್ಪತ್ತು ಮುಗಿಯುವಷ್ಟರಲ್ಲಿ ಒಂದು ತಿಂಗಳು ಹೋಗಿತ್ತು. ಕುವೆಂಪುನಗರದಲ್ಲಿ ಮೊದಲನೆಯ ಮನೆಯ ಯಜಮಾನರು ನಾನು ಕರೆಯುವ ಮುಂಚೆಯೇ ಬಾಗಿಲು ತೆರೆದರು. ಬನಿಯನ್ನು, ಪಂಚೆ, ಕನ್ನಡಕ. ‘ಸರ್ವೆ’ ಅನ್ನುವ ಮಾತು ಕೇಳಿದ್ದೇ ಮುಖ ಅರಳಿತು. ಸರ್ಕಾರದಲ್ಲಿ ಮೂವತ್ತು ವರ್ಷ ಅಂಕಿಅಂಶದ ಕೆಲಸವನ್ನೇ ಮಾಡಿ ನಿವೃತ್ತರಾದವರಂತೆ.

ನನ್ನ ಅದೃಷ್ಟ ಖುಲಾಯಿಸಿತು ಅಂದುಕೊಂಡು, ಕಾಲ ಮೇಲೆ ಕಾಲು ಹಾಕಿ ಸೋಫಾದಲ್ಲಿ ಕೂತೆ. ಅವರು ಫಾರಂ ಇಸಿದುಕೊಂಡು, ಕೆಂಪು ಪೆನ್ನು ತಂದರು.

“ತಳ್ಳುಗಾಡಿಯ ತರಕಾರಿಯನ್ನು ಏಕೆ ಇಷ್ಟಪಡುತ್ತೀರಿ? ಇದೇನ್ರೀ ಪ್ರಶ್ನೆ? ಇಷ್ಟಪಡ್ತೀವಿ ಅಂತ ನಿಮಗೆ ಯಾರು ಹೇಳಿದ್ದು?”

“ಎಲ್ಲರೂ ಇಷ್ಟಪಡ್ತಾರಲ್ಲ ಸಾರ್.”

“ಎಲ್ಲರೂ ಅಂತ ನಿಮಗೆ ಮೊದಲೇ ಗೊತ್ತಿದ್ದ ಮೇಲೆ ಸರ್ವೆ ಯಾಕೆ? ಮನೇಲಿ ಮಲಗಬಹುದಿತ್ತಲ್ಲ.” ಸರ್‍ರ್ ಅಂತ ಗೀಟು ಎಳೆದರು. ನಾನು ಕಾಲು ಕೆಳಗಿಳಿಸಿದೆ.

ಹದಿನಾಲ್ಕು ಪ್ರಶ್ನೆಗಳಲ್ಲಿ ಹನ್ನೊಂದನ್ನು ಹೊಡೆದುಹಾಕಿದರು. ಒಂದೊಂದನ್ನೂ ಹೇಗೆ ಕೇಳಬೇಕು ಅಂತ ನನ್ನ ಕೈಯಲ್ಲೇ ಬರೆಸಿದರು. ಎರಡು ಲೋಟ ಕಾಫಿ ಆಯಿತು. ಬೆಳಗ್ಗೆ ಹತ್ತಕ್ಕೆ ಕೂತವನು ಒಂದೂವರೆಗೆ ಬೆನ್ನು ನೆಟ್ಟಗೆ ಮಾಡಿದೆ. ಫಾರಂ ಈಗ ಬಂಗಾರದ ಹಾಗಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಇದುವರೆಗಿನ ಇಪ್ಪತ್ತು ಮನೆಗೂ ಮತ್ತೆ ಹೋಗಬೇಕು. ದಟ್ಟಗಳ್ಳಿಯ ಆ ಬೀದಿಗೂ.

“ಸರಿ ಸಾರ್,” ಅಂದೆ, “ಈಗ ನಿಮ್ಮ ಉತ್ತರ ಹೇಳಿ. ವಾರಕ್ಕೆ ಎಷ್ಟು ತರಕಾರಿ ಕೊಳ್ತೀರಿ?”

“ನನಗೇನ್ರೀ ಗೊತ್ತು? ತರೋದು ನಮ್ಮ ಮನೆಯವಳು.”

“ಅಮ್ಮಾವರು ಎಲ್ಲಿ?”

“ತರಕಾರಿ ತರೋಕೆ ಹೋಗಿದಾಳೆ.”

ಅಷ್ಟರಲ್ಲಿ ಗೇಟು ಸದ್ದಾಯಿತು. ಆಕೆ ಎರಡು ಚೀಲ ಕೆಳಗಿಟ್ಟು, ಬೆವರೊರೆಸಿಕೊಂಡು, ನನ್ನನ್ನೂ ಫಾರಮನ್ನೂ ಗಂಡನ ಕೈಯ ಕೆಂಪು ಪೆನ್ನನ್ನೂ ಒಂದು ಸಾರಿ ನೋಡಿದರು.

“ಈಗ ಅಡುಗೆಗೆ ಹೊತ್ತಾಯ್ತು ಕಣಪ್ಪ. ನಾಳೆ ಬಾ.”

ಹೊಂಗೆ ಮರದ ಕೆಳಗೆ

ಗಡುವಿಗೆ ಎರಡೇ ದಿನ ಉಳಿದಿತ್ತು. ದಟ್ಟಗಳ್ಳಿಯನ್ನು ಎರಡನೆಯ ಸಲ ಸುತ್ತಿದ್ದೂ ಸೇರಿ ಐವತ್ತು ಫಾರಂ ಆಗಿತ್ತು, ವಿಜಯನಗರದ್ದು ಹತ್ತು ಬಾಕಿ. ಕಾಲಲ್ಲಿ ಬೊಬ್ಬೆ. ಆಗ ಸಂಘದ ಗೆಳೆಯನ ಫೋನು ಬಂತು: “ಫ್ಲೆಕ್ಸು ಗಾಳಿಗೆ ಹರ್ದೋಗಿತ್ತು ಮಗ. ಯೋಚ್ನೆ ಮಾಡ್ಬೇಡ, ಹೊಸಾದ್ ಹಾಕಿದೀವಿ. ಈ ಸಲ ‘ಚಿನ್ನದ ಪದಕ’ ಅಂತಾನೂ ಸೇರ್ಸಿದೀವಿ.”

ನಾನು ವಿಜಯನಗರದ ಒಂದು ಪಾರ್ಕಿಗೆ ಹೋಗಿ ಹೊಂಗೆ ಮರದ ಕೆಳಗೆ ಕೂತು ಹತ್ತೂ ಫಾರಮನ್ನು ನಾನೇ ತುಂಬಿದೆ.

ತಪ್ಪು, ಒಪ್ಪಿದೆ. ಆದರೆ ಕೆಲಸ ಮಾತ್ರ ನೋಡುವ ಹಾಗಿತ್ತು. ಮೂರು ಬಣ್ಣದ ಪೆನ್ನು. ಎರಡು ಫಾರಂ ಎಡಗೈಯಲ್ಲಿ. ಒಂದರ ಮೇಲೆ ಬೇಕೆಂದೇ ಕಾಫಿ ಚೆಲ್ಲಿ ಒಣಗಿಸಿದೆ. ಬ್ಯಾಂಕಿನವರು, ಮೇಷ್ಟ್ರು, ಡಾಕ್ಟರು ಅಂತ ತರಾವರಿ ಕುಟುಂಬಗಳನ್ನು ಹುಟ್ಟಿಸಿ, ಒಬ್ಬೊಬ್ಬರಿಗೂ ಒಂದೊಂದು ಅಡ್ಡರಸ್ತೆ, ಮನೆ ನಂಬರು ಕೊಟ್ಟೆ. ಯಾರೂ ಕಂಡುಹಿಡಿಯುವಂತಿರಲಿಲ್ಲ.

ಮೇಡಂ ಅರವತ್ತೂ ಫಾರಂ ಕಂಪ್ಯೂಟರಿಗೆ ಹಾಕಿ ನನ್ನನ್ನು ಕರೆದರು. ಪರದೆಯ ಮೇಲೆ ಮನೆಗೊಂದರಂತೆ ಚುಕ್ಕೆಗಳು. ಐವತ್ತು ಚುಕ್ಕೆ ಕೆಳಗೆ ಒತ್ತಾಗಿ ಕೂತಿದ್ದವು. ಹತ್ತು ಮಾತ್ರ ಮೇಲೆ, ಹದ್ದು ಹಾರಾಡುವ ಹಾಗೆ.

“ಇದೇನು?” ಅಂದರು. “ಐವತ್ತು ಮನೆಯವರು ಕಾಲು ಕೆ.ಜಿ. ಹುರುಳಿಕಾಯಿ, ಎರಡು ಕ್ಯಾರೆಟ್, ಒಂದು ಕಟ್ಟು ಸೊಪ್ಪು ಅಂತಿದಾರೆ. ಈ ಹತ್ತು ಮನೆಯವರು ನಾಲ್ಕೇ ಜನ ಇದ್ದು, ವಾರಕ್ಕೆ ಎಂಟು ಕೆ.ಜಿ. ಸೊಪ್ಪು, ಐದು ಕೆ.ಜಿ. ಬದನೆಕಾಯಿ, ಎರಡು ಕೆ.ಜಿ. ಹಸಿಮೆಣಸಿನಕಾಯಿ ತಿಂತಾರೆ.”

ಐವತ್ತು ಮನೆಯ ಕಾಲು ಕೆ.ಜಿ.ಯನ್ನು ನನ್ನ ಕೈಯಾರೆ ಬರೆದುಕೊಂಡಿದ್ದೆ. ಆದರೂ ಹೊಂಗೆ ಮರದ ಕೆಳಗೆ ‘ಊಟ’ ಅಂದಾಗ ಕಣ್ಣಿಗೆ ಬಂದದ್ದು ನಮ್ಮ ಮನೆಯ ಊಟ. ಹೊಲದಿಂದ ತಬ್ಬುಗಟ್ಟಲೆ ಸೊಪ್ಪು ಕಿತ್ತು ತಂದು ಬೇಯಿಸುವ ಮನೆಯವನಿಗೆ ಕಾಲು ಕೆ.ಜಿ. ಎಲ್ಲಿಂದ ಹೊಳೆಯಬೇಕು? ಕೈಬರಹ ಹತ್ತು ತರಹ ಮಾಡಿದೆ, ಹೊಟ್ಟೆ ಮಾತ್ರ ಹತ್ತಕ್ಕೂ ನನ್ನದೇ ಇಟ್ಟಿದ್ದೆ.

ಮೇಡಂ ಬೈಯುತ್ತಾರೆ ಅಂತ ಕಾದೆ. ಅವರ ಕಣ್ಣು ಹೊಳೆಯುತ್ತಿತ್ತು!

“ಇಪ್ಪತ್ತು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ. ನಿಮ್ಮ ಅಧ್ಯಯನದ ಜೀವಾಳವೇ ಈ ಹತ್ತು ಮನೆ. ನಾಳೆ ಹತ್ತು ಗಂಟೆಗೆ ನಾನೂ ಬರ್ತೀನಿ, ಅವರ ಹತ್ತಿರ ಮಾತಾಡಬೇಕು.”

“ಬಿಸಿಲು ಜಾಸ್ತಿ ಮೇಡಂ.”

“ಛತ್ರಿ ಇದೆ.”

“ಅವರು… ನಾಳೆ ಬನ್ನಿ ಅಂತಾರೆ ಮೇಡಂ.”

“ನಾವು ಹೋಗ್ತಿರೋದೂ ನಾಳೇನೇ ಅಲ್ವಾ?”

ನಾಲ್ಕು ಜನರ ಕುಟುಂಬ

“ಹೋಗಿ ನಿಜ ಹೇಳ್ಬಿಡೋ,” ಅಂದ ರೂಮ್‌ಮೇಟು.

“ನಾನು ನಮ್ಮೂರಲ್ಲಿ ಯಾರ ಮುಂದೂ ತಲೆ ತಗ್ಗಿಸಿದವನಲ್ಲ.”

“ಅದಕ್ಕೇ ಹೇಳ್ತಿರೋದು. ಇಲ್ಲಿ ಅಭ್ಯಾಸ ಮಾಡ್ಕೊ, ಊರಲ್ಲಿ ಬಸ್ಸಿಳಿಯುವಾಗ ಸುಲಭ ಆಗುತ್ತೆ.”

ಹೇಳಲಿಲ್ಲ. ದಾರಿಯಲ್ಲಿ ಏನಾದರೂ ಉಪಾಯ ಹೊಳೆಯುತ್ತದೆ ಅಂದುಕೊಂಡೆ. ಮುಂದೆ ನನ್ನ ಬೈಕು, ಹಿಂದೆ ಮೇಡಂ ಸ್ಕೂಟರು. ನಾನು ಬೇಕೆಂದೇ ನಾಲ್ಕು ರಸ್ತೆ ಸುತ್ತಿದೆ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಸ್ಕೂಟರು ಅಷ್ಟೇ ದೂರದಲ್ಲಿ. ಕೊನೆಗೆ ಮೇಡಂ ನಿಲ್ಲಿಸಿ, “ಫಾರಂ ಕೊಡಿ, ವಿಳಾಸ ನಾನೇ ನೋಡ್ತೀನಿ” ಅಂದರು. ಅವರೇ ಮುಂದೆ ಹೋದರು. ಬ್ಯಾಂಕ್ ಮ್ಯಾನೇಜರ ಮನೆ, ಇಂಥ ಅಡ್ಡರಸ್ತೆ, ಇಂಥ ನಂಬರು. ಸರಿಯಾಗಿ ಅದರ ಮುಂದೆ ಸ್ಕೂಟರ್ ನಿಂತಿತು.

ಖಾಲಿ ಸೈಟು. ಮೂಲೆಗೊಂದು ಕಲ್ಲು, ಸೊಂಟದವರೆಗೆ ಗಿಡ. ನಡುವೆ ಒಂದು ಹಸು ಮೇಯುತ್ತಿತ್ತು.

ಮೇಡಂ ಫಾರಂ ನೋಡಿದರು. ಹಸುವನ್ನು ನೋಡಿದರು. ಮತ್ತೆ ಫಾರಂ ನೋಡಿದರು. ನನ್ನ ಬೆನ್ನಲ್ಲಿ ಬೆವರು ಇಳಿಯುವುದು ನನಗೇ ಕೇಳಿಸುತ್ತಿತ್ತು.

“ಕುಟುಂಬದ ಸದಸ್ಯರು ನಾಲ್ಕು ಅಂತ ಬರೆದಿದೀರಿ,” ಅಂದರು ಅದೇ ತೆಳು ಧ್ವನಿಯಲ್ಲಿ. “ಒಬ್ಬರೇ ಕಾಣ್ತಿದಾರೆ.”

ನಾನು ಹಸುವಿನ ಬಾಲ ನೋಡುತ್ತ ನಿಂತೆ.

“ವಾರಕ್ಕೆ ಎಂಟು ಕೆ.ಜಿ. ಸೊಪ್ಪು. ಪಾಪ, ಇವರಿಗೆ ಅದು ಒಂದು ಹೊತ್ತಿಗೂ ಸಾಲಲ್ಲವಲ್ಲ.”

ಹೇಳಿಬಿಟ್ಟೆ. ಹೊಂಗೆ ಮರ, ಎಡಗೈ, ಕಾಫಿ, ಎಲ್ಲ. ಅವರು ಹತ್ತೂ ಫಾರಮನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಸ್ಕೂಟರನ್ನು ನೆರಳಿಗೆ ತಳ್ಳಿ, ಅದರ ಮೇಲೆ ಕೂತು ಛತ್ರಿ ಬಿಚ್ಚಿದರು.

“ಹತ್ತು ನಿಜವಾದ ಮನೆ. ಸಂಜೆಯೊಳಗೆ. ನಾನು ಇಲ್ಲೇ ಇರ್ತೀನಿ.”

ಮೊದಲ ಮನೆಯಲ್ಲೇ, “ನಾಳೆ ಬನ್ನಿ.” ನಾನು ಕೈ ಮುಗಿದೆ. “ಅಮ್ಮಾ, ನನಗೆ ನಾಳೆ ಅನ್ನೋದಿಲ್ಲ. ಅಲ್ಲಿ ಛತ್ರಿ ಹಿಡ್ಕೊಂಡು ಕೂತಿದಾರಲ್ಲ, ನೋಡಿ.” ಆಕೆ ಇಣುಕಿ ನೋಡಿದರು. ನೋಡಿದ್ದೇ, “ಅಯ್ಯೋ, ಬಾಪ್ಪ ಒಳಗೆ” ಅಂದರು. ಹತ್ತು ಮನೆಗೂ ಅದೇ ಮಂತ್ರ. ಐದು ಗಂಟೆಗೆ ಹತ್ತು ಫಾರಂ ತಂದು ಕೊಟ್ಟೆ. ಮೇಡಂ ನನ್ನೆದುರೇ ಹತ್ತೂ ಮನೆಗೆ ಹೋಗಿ ಬೆಲ್ ಒತ್ತಿ, “ಈ ಹುಡುಗ ಬಂದಿದ್ನಾ?” ಅಂತ ಕೇಳಿ ಬಂದು, ಸ್ಕೂಟರ್ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು.

“ವೈವಾದಲ್ಲಿ ಕೇಳಿದರೆ ನೀವೇ ಹೇಳಬೇಕು. ನಾನು ಹೇಳಲ್ಲ, ಮುಚ್ಚಿಡೋದೂ ಇಲ್ಲ.”

ಗಾಡಿ ಸ್ಟಾರ್ಟ್ ಮಾಡಿ ತಿರುಗಿ ನೋಡಿದರು. “ಇನ್ನು ಆ ಬ್ಯಾಂಕ್ ಮ್ಯಾನೇಜರು ರಸ್ತೆಗೆ ಬರ್ತಿದಾರೆ. ಹುಷಾರಾಗಿ ಹೋಗಿ.”

ವೈವಾ

ವೈವಾಕ್ಕೆ ಬೇರೆ ಊರಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಬೆಳಗ್ಗೆಯೇ ಇಬ್ಬರನ್ನು ‘ಮುಂದಿನ ಸಲ ನೋಡೋಣ’ ಅಂತ ಕಳಿಸಿದ್ದರು. ಒಬ್ಬಳು ಕಾರಿಡಾರಿನಲ್ಲಿ ಅಳುತ್ತಿದ್ದಳು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಒಳಗೆ ಹೋದೆ. ಮೇಡಂ ಒಂದು ಪಕ್ಕದಲ್ಲಿ ಕೂತಿದ್ದರು, ಮುಖ ಕಲ್ಲು.

ಪರೀಕ್ಷಕರು ನನ್ನ ಪ್ರಬಂಧ ತೆರೆದರು. “ಸೊಪ್ಪು ಮಳಿಗೆಯಲ್ಲಿ ಅಗ್ಗ ಅಂತ ನೀವೇ ಬರೆದಿದೀರಿ. ಆದರೂ ಮುಕ್ಕಾಲು ಪಾಲು ಮನೆಯವರು ದುಬಾರಿ ತಳ್ಳುಗಾಡಿಯಲ್ಲೇ ಕೊಳ್ತಾರೆ ಅಂತಿದೀರಿ. ಯಾರಾದರೂ ಬೇಕೂಂತ ಜಾಸ್ತಿ ಕೊಡ್ತಾರೇನ್ರೀ? ಈ ಫಾರಂ ಎಲ್ಲ ನೀವೇ ಕೂತು ತುಂಬಿದ್ದಾ?”

ಮೇಡಂ ಕಿಟಕಿಯ ಕಡೆ ನೋಡಿದರು.

“ಹತ್ತು ತುಂಬಿದ್ದೆ ಸಾರ್. ಸಿಕ್ಕಿಬಿದ್ದೆ. ಆಮೇಲೆ ಮನೆಗೇ ಹೋಗಿ ಬರ್ಕೊಂಡು ಬಂದೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಾದರೆ ಉಳಿದದ್ದನ್ನು ನಾನು ಯಾಕೆ ನಂಬಲಿ?”

ಎರಡು ವರ್ಷ ಓದಿದ ಒಂದು ಸಿದ್ಧಾಂತವೂ ನೆನಪಾಗಲಿಲ್ಲ. ಅವರು ಪ್ರಬಂಧ ಮುಚ್ಚುವುದಕ್ಕೆ ಕೈ ಹಾಕಿದರು. ನನಗೆ ಏನು ಹಿಡಿಯಿತೋ, ಮೇಜಿನ ಮೇಲಿದ್ದ ಬೇರೆಯವರ ಪ್ರಬಂಧಗಳನ್ನೆಲ್ಲ ಸರಸರ ಸಾಲಾಗಿ ಜೋಡಿಸಿ, ಮೇಜನ್ನು ಎರಡೂ ಕೈಯಲ್ಲಿ ಹಿಡಿದು, “ಸೊಪ್ಪೂ… ದಂಟಿನ್ ಸೊಪ್ಪು, ಪಾಲಕ್ ಸೊಪ್ಪೂ…” ಅಂತ ನಮ್ಮೂರ ಕಂಠದಲ್ಲಿ ಕೂಗಿದೆ. ಬಾಗಿಲಲ್ಲಿ ಅಟೆಂಡರ್ ಇಣುಕಿದ.

“ಏನ್ರೀ ಇದು?” ಅಂದರು ಪರೀಕ್ಷಕರು.

“ನಂಬೋದು ಬೇಡ ಸಾರ್, ನೀವೇ ಕೊಂಡು ನೋಡಿ. ಕಟ್ಟು ಇಪ್ಪತ್ತು.”

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ, ಅದು ಅವರಿಗೇ ತಿಳಿಯದೆ ಬಂದದ್ದೋ ಏನೋ, “ಇಪ್ಪತ್ತಾ? ಮಳಿಗೇಲಿ ಹದಿನೈದು!” ಅಂದರು.

“ಅಲ್ಲೇ ತಗಳಿ ಸ್ವಾಮಿ. ನೆನ್ನೆದು ಫ್ರಿಜ್ಜಲ್ಲಿಟ್ಟು ಕೊಡ್ತಾರೆ.”

“ಹದಿನೆಂಟು ಮಾಡ್ಕೊ.”

“ಬರಲ್ಲ ಸ್ವಾಮಿ.” ನಾನು ಮೇಜನ್ನು ಒಂದು ಗೇಣು ಮುಂದೆ ತಳ್ಳಿದೆ, ಗಾಡಿ ಹೊರಟ ಹಾಗೆ.

“ಏಯ್, ನಿಲ್ಲಯ್ಯ! ಸರಿ, ಎರಡು ಕಟ್ಟು ಕೊಡು.” ಬಗ್ಗಿ ಎರಡು ಪ್ರಬಂಧ ಎತ್ತಿಕೊಂಡರು. ನನ್ನ ಮುಖ ನೋಡಿದರು. “ಎಲ್ಲಿ, ಒಂದಿಷ್ಟು ಕರಿಬೇವು ಹಾಕು.”

“ಇದೇ ಸಾರ್!” ಮೇಜು ಗುದ್ದಿದೆ. “ಕೊಸರು! ಈ ಕರಿಬೇವನ್ನು ಯಾವ ಮಳಿಗೆ ಸುಮ್ನೆ ಕೊಡ್ತದೆ? ಕಟ್ಟಿಗೆ ಐದು ಜಾಸ್ತಿ ಕೊಟ್ರಿ, ಬಿಟ್ಟಿ ಕರಿಬೇವು ಇಸ್ಕೊಂಡು ಗೆದ್ದೆ ಅಂತ ಒಳಗೆ ಹೋಗ್ತಿದೀರಿ. ನಲವತ್ತೈದು ಮನೆಯವರು ನನಗೆ ಹೇಳಿದ್ದು ಇದನ್ನೇ!”

ಮೇಡಂ ಫೈಲಿನಿಂದ ಮುಖ ಮುಚ್ಚಿಕೊಂಡಿದ್ದರು. ಭುಜ ಅಲುಗುತ್ತಿತ್ತು. ಪರೀಕ್ಷಕರು ಕೈಯಲ್ಲಿದ್ದ ಎರಡು ಪ್ರಬಂಧಗಳನ್ನು ನೋಡಿಕೊಂಡರು, ಅವನ್ನು ನಿಧಾನವಾಗಿ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಅಂಕಪಟ್ಟಿಯನ್ನು ಹತ್ತಿರಕ್ಕೆಳೆದು ಏನೋ ಬರೆದರು. ನಾನು ಬಾಗಿಲವರೆಗೆ ಹೋಗಿದ್ದೆ.

“ಅದೆಲ್ಲ ಸರಿ,” ಅಂತ ಹಿಂದಿನಿಂದ ಅವರ ಧ್ವನಿ. “ಕರಿಬೇವು ಕೊಡಲೇ ಇಲ್ಲವಲ್ಲಯ್ಯ ನೀನು.”

ಮೂರು ವಾರಕ್ಕೆ ಫಲಿತಾಂಶ ಬಂತು. ಪ್ರಾಜೆಕ್ಟಿಗೆ ನನಗೆ ನೂರಕ್ಕೆ ಐವತ್ತೆರಡು ಕೊಟ್ಟಿದ್ದರು. ಪಾಸಿಗೆ ಐವತ್ತು, ಮೇಲೆರಡು ಕೊಸರು.